ಒಂದು ಮೆಟ್ಟಿಲು ಕೆಳಗೆ: ತಂತ್ರಜ್ಞಾನದ ಕೆಲಸದಲ್ಲಿ ಉಳಿಯಲು ಏನು ಕಲಿಯಬೇಕು, ಹೇಗೆ ಕಲಿಯಬೇಕು

ನಾನು ಡೇಟಾಬೇಸ್ ತಂಡದಲ್ಲಿ ಕೆಲಸ ಮಾಡುತ್ತೇನೆ. ಹೊಸಬರನ್ನು ತೆಗೆದುಕೊಳ್ಳುವಾಗ ಸಂದರ್ಶನಕ್ಕೂ ಕೂರುತ್ತೇನೆ. ಎದುರಿಗಿರುವವರ ರೆಸ್ಯೂಮೆ ತುಂಬ ಉಪಕರಣಗಳ ಹೆಸರಿರುತ್ತದೆ. ಅದರಲ್ಲಿ ತಮಗೆ ಇಷ್ಟವಾದ ಒಂದನ್ನು ಆರಿಸಿಕೊಳ್ಳಿ ಎಂದು ಹೇಳಿ, "ಇದು ಕೈಕೊಟ್ಟಾಗ ಏನು ಮಾಡಿದಿರಿ?" ಎಂದು ಕೇಳುತ್ತೇನೆ. ಕೆಲವರ ಮುಖ ಅರಳುತ್ತದೆ. ಲಾಗ್‌ನಲ್ಲಿ (ಯಂತ್ರ ತಾನೇ ಬರೆದಿಡುವ ದಾಖಲೆಯಲ್ಲಿ) ಏನು ಕಂಡಿತು, ಮೊದಲು ಯಾವುದರ ಮೇಲೆ ಅನುಮಾನ ಬಂತು, ಆ ಅನುಮಾನ ಹೇಗೆ ಸುಳ್ಳಾಯಿತು ಎಂದು ಹೇಳುತ್ತಲೇ ಹೋಗುತ್ತಾರೆ. ಇನ್ನು ಕೆಲವರು "ರೀಸ್ಟಾರ್ಟ್ ಮಾಡಿದೆವು, ಸರಿಹೋಯಿತು" ಎಂದು ಸುಮ್ಮನಾಗುತ್ತಾರೆ. ಇಬ್ಬರೂ ಕಷ್ಟಪಟ್ಟು ಕಲಿತವರೇ. ಮೊದಲನೆಯವರು ಮಾತ್ರ ತಾವು ಬಳಸುವ ಉಪಕರಣಕ್ಕಿಂತ ಒಂದು ಮೆಟ್ಟಿಲು ಕೆಳಗಿಳಿದು ನೋಡಿರುತ್ತಾರೆ.

ನಿಮ್ಮ ಹಣ, ಸಮಯ, ಶ್ರದ್ಧೆಯ ದೊಡ್ಡ ಪಾಲು ಆ ಒಂದು ಮೆಟ್ಟಿಲಿಗೆ ಹೋಗಬೇಕು ಅನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ. ಅದನ್ನು ಸಂಬಳ ಬರುತ್ತಿರುವಾಗಲೇ ಮಾಡಬೇಕು. ಕೆಲಸ ಹೋಗುವ ಸುದ್ದಿ ಕಿವಿಗೆ ಬಿದ್ದ ಮೇಲೆ ಗಾಬರಿಯಲ್ಲಿ ಸೇರಿದ ಕೋರ್ಸುಗಳು ಅರ್ಧಕ್ಕೇ ನಿಲ್ಲುವುದನ್ನು ತುಂಬಾ ಕಡೆ ನೋಡಿದ್ದೇನೆ.

ಮೊದಲು ಕಳೆದ ತಿಂಗಳನ್ನು ಬರೆದುಕೊಳ್ಳಿ

ಏನು ಕಲಿಯಬೇಕೆಂದು ಹುಡುಕುವ ಮೊದಲು, ಈಗ ಏನು ಮಾಡುತ್ತಿದ್ದೀರಿ ಎಂದು ನೋಡಿಕೊಳ್ಳಿ. ಕ್ಯಾಲೆಂಡರ್, ಟಿಕೆಟ್‌ಗಳು, ಕಮಿಟ್‌ಗಳ ಪಟ್ಟಿ ತೆರೆದಿಟ್ಟು, ಕಳೆದ ತಿಂಗಳು ಮಾಡಿದ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದರ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ.

"ಇಲ್ಲಿಯದು" ಎಂಬ ಗುರುತು ಈ ಕಂಪನಿಯ ಬಾಗಿಲು ದಾಟಿದರೆ ಬೆಲೆಯಿಲ್ಲದ ತಿಳಿವಳಿಕೆಗೆ. ಒಳಗಿನ ಪೋರ್ಟಲ್, ರಿಲೀಸ್‌ಗೆ ಯಾರ ಒಪ್ಪಿಗೆ ಬೇಕು, ಯಾರೂ ಮುಟ್ಟಲು ಹೆದರುವ ಆ ಒಂದು ಕಾನ್ಫಿಗರೇಶನ್ ಫೈಲ್. "ಉಪಕರಣದ್ದು" ಅಂದರೆ ಬೇರೆ ಕಂಪನಿಯಲ್ಲೂ ಅದೇ ಉಪಕರಣವಿದ್ದರೆ ಕೆಲಸಕ್ಕೆ ಬರುವಂಥದ್ದು. "ತಳದ್ದು" ಅಂದರೆ ಎಲ್ಲಿ ಹೋದರೂ ನಿಮ್ಮ ಜೊತೆಗೇ ಬರುವುದು: ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಯಾಕೆ ನಿಧಾನ, ರಿಕ್ವೆಸ್ಟ್ ಯಾಕೆ ಟೈಮ್‌ಔಟ್ ಆಯಿತು, ದೊಡ್ಡ ಬದಲಾವಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಬಹುದಾದ ಸಣ್ಣ ತುಂಡುಗಳಾಗಿ ಮಾಡುವುದು ಹೇಗೆ, ಓದಿದವರಿಗೆ ಅರ್ಥವಾಗುವಂತೆ ಒಂದು ಪುಟ ಬರೆಯುವುದು ಹೇಗೆ.

ಇಲ್ಲೊಂದು ಎಚ್ಚರ ಬೇಕು. ಕಚೇರಿಯಲ್ಲಿ ಶಹಬ್ಬಾಸ್‌ಗಿರಿ ಹೆಚ್ಚು ಸಿಗುವುದು ಮೊದಲ ಗುರುತಿನ ಕೆಲಸಕ್ಕೆ. "ಇದು ಗೊತ್ತಿರುವುದು ಅವರೊಬ್ಬರಿಗೇ" ಎನ್ನಿಸಿಕೊಳ್ಳುವುದು ಹಿತವಾಗಿರುತ್ತದೆ, ಭದ್ರತೆಯೆಂದೂ ಅನ್ನಿಸುತ್ತದೆ. ಆದರೆ ಆ ವ್ಯವಸ್ಥೆಯನ್ನೇ ಕಂಪನಿ ತೆಗೆದುಹಾಕಿದ ದಿನ ಆ ಭದ್ರತೆಯೂ ಹೋಗುತ್ತದೆ. ಹಾಳೆಯಲ್ಲಿ ಅರ್ಧಕ್ಕಿಂತ ಹೆಚ್ಚು "ಇಲ್ಲಿಯದು" ಬಂದಿದ್ದರೆ, ಕೋರ್ಸಿಗಿಂತ ಮೊದಲು ಆಗಬೇಕಾದದ್ದು ಕೆಲಸದ ಹಂಚಿಕೆಯ ಬದಲಾವಣೆ. ಮ್ಯಾನೇಜರ್ ಹತ್ತಿರ ಮಾತನಾಡಿ, ಆ ಕೆಲಸವನ್ನು ಬರೆದಿಟ್ಟು ಇನ್ನೊಬ್ಬರಿಗೂ ಕಲಿಸಿ.

ಯಾವುದು ಬಾಳುತ್ತದೆ

ಐಬಿಎಮ್‌ನಲ್ಲಿದ್ದ ಎಡ್ಗರ್ ಕಾಡ್ ಡೇಟಾವನ್ನು ಟೇಬಲ್ಲುಗಳಾಗಿ ಜೋಡಿಸುವ ರಿಲೇಷನಲ್ ಮಾದರಿಯ ಬಗ್ಗೆ ತಮ್ಮ ಲೇಖನ ಪ್ರಕಟಿಸಿದ್ದು 1970ರಲ್ಲಿ. ಅದರ ಮೇಲೆ ನಿಂತ ಡೇಟಾಬೇಸ್ ಭಾಷೆ ಎಸ್‌ಕ್ಯೂಎಲ್ 1986ರಲ್ಲಿ ಅಮೆರಿಕದ ಮಾನದಂಡವಾಯಿತು, ಮರುವರ್ಷ ಅಂತಾರಾಷ್ಟ್ರೀಯ ಮಾನದಂಡವಾಯಿತು. ನಾನು ಇವತ್ತು ಬೆಳಿಗ್ಗೆ ಬರೆದದ್ದೂ ಅದೇ ಭಾಷೆಯಲ್ಲಿ. ಇಂಟರ್ನೆಟ್ಟಿನಲ್ಲಿ ಯಂತ್ರಗಳು ಡೇಟಾ ಕಳಿಸಿಕೊಳ್ಳುವ ನಿಯಮವಾದ ಟಿಸಿಪಿಯನ್ನು ವಿವರಿಸುವ ದಾಖಲೆ ಆರ್‌ಎಫ್‌ಸಿ 793 ಬಂದದ್ದು 1981ರಲ್ಲಿ. 1983ರ ಜನವರಿ 1ರಂದು ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್ ಪೂರ್ತಿಯಾಗಿ ಟಿಸಿಪಿ/ಐಪಿಗೆ ಬದಲಾಯಿತು. ಆ ದಾಖಲೆಯ ಜಾಗಕ್ಕೆ ಹೊಸದು, ಆರ್‌ಎಫ್‌ಸಿ 9293, ಬಂದದ್ದು 2022ರಲ್ಲಿ. ಹಳೆಯದನ್ನು ಓದಿ ಸಂಪರ್ಕ ಶುರುಮಾಡುವ ಮೂರು ಹಂತದ ಹ್ಯಾಂಡ್‌ಶೇಕ್ ಕಲಿತಿದ್ದವರು ಹೊಸದು ಬಂತೆಂದು ಏನನ್ನೂ ಮರೆಯಬೇಕಾಗಲಿಲ್ಲ.

ಮೇಲಿನ ಮೆಟ್ಟಿಲುಗಳ ಕಥೆ ಬೇರೆ. ವೆಬ್ ಪುಟ ಕಟ್ಟುವ ಉಪಕರಣ ಆಂಗ್ಯುಲರ್‌ಜೆಎಸ್ 2010ರಲ್ಲಿ ಬಂತು. 2016ರಲ್ಲಿ ಬಂದ ಆಂಗ್ಯುಲರ್ 2 ಅದಕ್ಕೆ ಹೊಂದಿಕೆಯಾಗದ ಹೊಸ ಬರವಣಿಗೆ. ಹಳೆಯದಕ್ಕೆ ಬೆಂಬಲ 2021ರ ಕೊನೆಗೆ ನಿಂತಿತು. ಪೈಥಾನ್ 2ರ ಆಯುಸ್ಸು 2020ರ ಜನವರಿ 1ಕ್ಕೆ ಮುಗಿಯಿತು. ಅದೇ ವರ್ಷದ ಡಿಸೆಂಬರ್ 31ಕ್ಕೆ ಅಡೋಬಿ, ಬ್ರೌಸರಿನಲ್ಲಿ ಅನಿಮೇಷನ್ ಓಡಿಸುತ್ತಿದ್ದ ಫ್ಲ್ಯಾಶ್ ಪ್ಲೇಯರ್‌ಗೆ ಕೊಡುತ್ತಿದ್ದ ಬೆಂಬಲ ನಿಲ್ಲಿಸಿತು.

ಫ್ಲ್ಯಾಶ್ ಎಂದರೆ ನನಗೆ ನೆನಪಾಗುವುದು ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳತಿಯೊಬ್ಬಳು. ಅವಳ ಅನ್ನ ಪೂರ್ತಿ ಅದರಿಂದಲೇ ಹುಟ್ಟುತ್ತಿತ್ತು. ಫ್ಲ್ಯಾಶ್ ಮುಳುಗುವ ಸೂಚನೆ ಕಂಡಾಗ ಅವಳು ಹೊಸ ಉಪಕರಣಕ್ಕೆ ಜಿಗಿಯುವ ಮೊದಲು, ತನಗೆ ಗೊತ್ತಿರುವುದರಲ್ಲಿ ಫ್ಲ್ಯಾಶ್‌ನದು ಎಷ್ಟು, ಉಳಿದದ್ದು ಎಷ್ಟು ಎಂದು ಬೇರೆ ಮಾಡಿಕೊಂಡಳು. ಟೈಮ್‌ಲೈನ್ ಕಿಟಕಿ, ಆ ಫೈಲ್ ಸ್ವರೂಪ ಫ್ಲ್ಯಾಶ್‌ನವು. ಚಲನೆ ಎಲ್ಲಿ ನಿಧಾನವಾಗಬೇಕು, ಬಟನ್ ಒತ್ತಿದಾಗ ಪರದೆಯ ಸ್ಥಿತಿ ಯಾವುದರಿಂದ ಯಾವುದಕ್ಕೆ ಹೋಗಬೇಕು ಅನ್ನುವುದು ಅವಳದ್ದೇ. ಫ್ಲ್ಯಾಶ್‌ನ ಭಾಷೆ ಆಕ್ಷನ್‌ಸ್ಕ್ರಿಪ್ಟ್ ಕೂಡ ಜಾವಾಸ್ಕ್ರಿಪ್ಟ್‌ನ ಮಾನದಂಡವಾದ ಎಕ್ಮಾಸ್ಕ್ರಿಪ್ಟ್ ಮೇಲೆಯೇ ಕಟ್ಟಿದ್ದು. ಹಾಗಾಗಿ ಬ್ರೌಸರ್ ಕೆಲಸಕ್ಕೆ ಬರುವಾಗ ಅವಳು ಕೆಳಗಿನ ಮೆಟ್ಟಿಲನ್ನು ಮಾತ್ರ ಕಲಿತಳು: ಡಾಮ್ (ಬ್ರೌಸರ್ ತನ್ನೊಳಗೆ ಇಟ್ಟುಕೊಳ್ಳುವ ಪುಟದ ರಚನೆ) ಹೇಗೆ ಬದಲಾಗುತ್ತದೆ, ಬ್ರೌಸರ್ ಯಾವಾಗ ಪರದೆಯನ್ನು ಮತ್ತೆ ಬರೆಯುತ್ತದೆ. ಈಗ ಅವಳು ಹತ್ತಾರು ಜನ ಬಳಸುವ ವಿನ್ಯಾಸ ಘಟಕಗಳನ್ನು ಕಟ್ಟುವ ತಂಡದ ಮುಖ್ಯಸ್ಥೆ.

ಇಷ್ಟು ಹೇಳಿದ್ದಕ್ಕೆ ಹೊಸದನ್ನು ಮುಟ್ಟಲೇಬೇಡಿ ಎಂದು ತಿಳಿಯಬೇಡಿ. ಕೆಲಸದ ಜಾಹೀರಾತಿನಲ್ಲಿ ಉಪಕರಣದ ಹೆಸರೇ ಇರುತ್ತದೆ, ಅದು ಗೊತ್ತಿಲ್ಲದಿದ್ದರೆ ಬಾಗಿಲೇ ತೆರೆಯುವುದಿಲ್ಲ. ಉಪಕರಣವನ್ನು ಕೆಲಸ ನಡೆಯುವಷ್ಟು ಕಲಿತು, ಉಳಿದ ಗಂಟೆಗಳನ್ನು ಅದರ ಕೆಳಗೆ ಹಾಕಿ. ವೆಬ್ ಪುಟಗಳಿಗೆ ರಿಯಾಕ್ಟ್ ಬಳಸುತ್ತಿದ್ದರೆ ಕೆಳಗಿರುವುದು ಬ್ರೌಸರಿನ ಈವೆಂಟ್ ಲೂಪ್ ಮತ್ತು ಎಚ್‌ಟಿಟಿಪಿ ಕ್ಯಾಶಿಂಗ್. ಕಂಟೇನರ್‌ಗಳನ್ನು ನಡೆಸಲು ಕುಬರ್ನೆಟೀಸ್ ಬಳಸುತ್ತಿದ್ದರೆ ಲಿನಕ್ಸ್‌ನ ಪ್ರಾಸೆಸ್, ನೇಮ್‌ಸ್ಪೇಸ್, ಸಿಗ್ರೂಪ್. ಕಂಟೇನರ್ ಎಂದರೆ ಇವುಗಳೊಳಗೆ ಕೂರಿಸಿದ ಒಂದು ಸಾಮಾನ್ಯ ಪ್ರಾಸೆಸ್ ಎಂದು ಕಣ್ಣಾರೆ ಕಂಡ ಮೇಲೆ, ಮೆಮೊರಿ ಮಿತಿ ದಾಟಿ ಪಾಡ್ (ಕುಬರ್ನೆಟೀಸ್ ಓಡಿಸುವ ಕಂಟೇನರ್ ಗುಂಪು) ಸತ್ತಾಗ ಗಾಬರಿಯಾಗುವುದಿಲ್ಲ. ಕ್ಲೌಡ್ ಕನ್ಸೋಲ್‌ನ ಕೆಳಗೆ ಸಬ್‌ನೆಟ್, ರೂಟಿಂಗ್, ಡಿಎನ್‌ಎಸ್ ಇವೆ. ಭಾಷಾ ಮಾದರಿಗಳ ಎಪಿಐ ಕರೆಯುವವರಿಗೆ ಟೋಕನ್‌ಗಳ ಲೆಕ್ಕ, ಸಂಭವನೀಯತೆ, ಮತ್ತು ಉತ್ತರ ಚೆನ್ನಾಗಿದೆಯೇ ಎಂದು ಅಳೆಯುವ ವಿಧಾನ.

ಒಂದೇ ಮೆಟ್ಟಿಲು ಯಾಕೆ? ಟ್ರಾನ್ಸಿಸ್ಟರ್‌ವರೆಗೂ ಇಳಿಯಬಹುದು, ಅದರಲ್ಲಿ ಸಂತೋಷವೂ ಇದೆ. ಆದರೆ ಒಂದು ಮೆಟ್ಟಿಲು ಕೆಳಗಿನದು ಅದೇ ವಾರ ಕೆಲಸಕ್ಕೆ ಬರುತ್ತದೆ. ಕೆಲಸಕ್ಕೆ ಬಂದದ್ದು ನೆನಪಿನಲ್ಲಿ ಉಳಿಯುತ್ತದೆ.

ಇಳಿಯುವುದು ಹೀಗಿರುತ್ತದೆ

ನನ್ನ ಕ್ಷೇತ್ರದ್ದೇ ಒಂದು ಉದಾಹರಣೆ ಪೂರ್ತಿ ತೋರಿಸುತ್ತೇನೆ. ಒಂದು ದಿನದ ಆರ್ಡರ್‌ಗಳನ್ನು ತೋರಿಸುವ ಪುಟ ನಿಧಾನವಾಗಿ ತೆರೆಯುತ್ತಿದೆ ಎಂದುಕೊಳ್ಳಿ. ನೀವು ಬರೆದಿರುವುದು ಒಆರ್‌ಎಮ್‌ನ (ಕೋಡನ್ನು ಎಸ್‌ಕ್ಯೂಎಲ್ ಆಗಿಸುವ ಉಪಕರಣದ) ಒಂದು ಸಾಲು. ಮೊದಲು ಮಾಡಬೇಕಾದದ್ದು ಆ ಸಾಲು ಡೇಟಾಬೇಸಿಗೆ ನಿಜವಾಗಿ ಕಳಿಸುತ್ತಿರುವ ಎಸ್‌ಕ್ಯೂಎಲ್ ಅನ್ನು ಲಾಗ್‌ನಿಂದ ಹಿಡಿಯುವುದು. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಅದರ ಮುಂದೆ "ಎಕ್ಸ್‌ಪ್ಲೇನ್ ಅನಲೈಜ್" ಸೇರಿಸಿ ಓಡಿಸಿ. ಇದು ಕ್ವೆರಿಯನ್ನು ನಿಜವಾಗಿಯೇ ಓಡಿಸುತ್ತದೆ ಅನ್ನುವುದು ನೆನಪಿರಲಿ. ಅಪ್‌ಡೇಟ್ ಅಥವಾ ಡಿಲೀಟ್ ಆಗಿದ್ದರೆ ಟ್ರಾನ್ಸಾಕ್ಷನ್ ಒಳಗೆ ಓಡಿಸಿ ರೋಲ್‌ಬ್ಯಾಕ್ ಮಾಡಬೇಕು, ಅಂದರೆ ಬದಲಾವಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು.

ಉತ್ತರವಾಗಿ ಒಂದು ಮರ ಬರುತ್ತದೆ. ಒಳಗಿನ ಕೊಂಬೆಯಿಂದ ಹೊರಗೆ ಓದಬೇಕು. ಪ್ರತಿ ಕೊಂಬೆಯಲ್ಲೂ ಪ್ಲಾನರ್ (ಕ್ವೆರಿ ಓಡಿಸುವ ದಾರಿ ಆರಿಸುವ ಭಾಗ) ಊಹಿಸಿದ ಸಾಲುಗಳ ಸಂಖ್ಯೆ ಇರುತ್ತದೆ, ನಿಜವಾಗಿ ಬಂದ ಸಂಖ್ಯೆಯೂ ಇರುತ್ತದೆ. ನಮ್ಮ ಪುಟದ ವಿಷಯದಲ್ಲಿ ಅಲ್ಲಿ "ಸೀಕ್ವೆನ್ಷಿಯಲ್ ಸ್ಕ್ಯಾನ್" ಎಂದಿದೆ. ಅಂದರೆ ಟೇಬಲ್ಲನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಫಿಲ್ಟರ್‌ನಲ್ಲಿ ಹೆಚ್ಚುಕಡಿಮೆ ಎಲ್ಲ ಸಾಲುಗಳನ್ನೂ ಎಸೆದಿದೆ. ಸಮಯದ ಕಾಲಮ್ ಮೇಲೆ ಇಂಡೆಕ್ಸ್ (ಬೇಗ ಹುಡುಕಲು ಕ್ರಮವಾಗಿ ಜೋಡಿಸಿಟ್ಟ ಸೂಚಿ) ಇದ್ದೂ ಹೀಗಾಯಿತು. ಯಾಕೆ?

ಕ್ವೆರಿಯನ್ನು ಮತ್ತೊಮ್ಮೆ ನೋಡಿ. ಆ ಕಾಲಮ್ಮಿಗೆ ಒಂದು ಫಂಕ್ಷನ್ ಸುತ್ತಿ, ಸಮಯವನ್ನು ದಿನಾಂಕವಾಗಿಸಿ, ಆಮೇಲೆ ಹೋಲಿಸಲಾಗುತ್ತಿದೆ. ಇಂಡೆಕ್ಸ್‌ನಲ್ಲಿ ಕ್ರಮವಾಗಿ ಜೋಡಿಸಿರುವುದು ಮೂಲ ಸಮಯಗಳನ್ನು. ಫಂಕ್ಷನ್ನಿನ ಫಲಿತಾಂಶ ಅಲ್ಲಿಲ್ಲ. ಫಂಕ್ಷನ್ ತೆಗೆದು, "ಈ ದಿನದ ಮಧ್ಯರಾತ್ರಿಯಿಂದ ಮುಂದಕ್ಕೆ, ಮರುದಿನದ ಮಧ್ಯರಾತ್ರಿಗಿಂತ ಮೊದಲು" ಎಂದು ವ್ಯಾಪ್ತಿಯಾಗಿ ಬರೆಯಿರಿ. ಮತ್ತೆ ಓಡಿಸಿದರೆ ಇಂಡೆಕ್ಸ್ ಬಳಕೆಯಾಗುವುದು ಕಾಣುತ್ತದೆ.

ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ, ಪುಟ ವೇಗವಾಯಿತಲ್ಲ. ಲಾಭವಿರುವುದು ಇನ್ನೊಂದು ಪ್ರಶ್ನೆ ಕೇಳುವುದರಲ್ಲಿ. ಒಂದು ದಿನದ ಬದಲು ಒಂದು ವಾರ ಕೇಳಿದರೆ? ಒಂದು ವರ್ಷ ಕೇಳಿದರೆ? ವ್ಯಾಪ್ತಿ ಹಿಗ್ಗಿಸುತ್ತಾ ಹೋಗಿ. ಒಂದು ಹಂತದಲ್ಲಿ ಪ್ಲಾನರ್ ಇಂಡೆಕ್ಸನ್ನು ಬಿಟ್ಟು ಮತ್ತೆ ಪೂರ್ತಿ ಟೇಬಲ್ ಓದಲು ಹೋಗುತ್ತದೆ, ಅದು ಮಾಡುವುದೂ ಸರಿಯೇ. ಬೇಕಾದದ್ದು ಟೇಬಲ್ಲಿನ ಬಹುಪಾಲಾದರೆ, ಇಂಡೆಕ್ಸ್ ಹಿಡಿದು ಅಲ್ಲಲ್ಲಿ ಹಾರಿ ಓದುವುದಕ್ಕಿಂತ ಸಾಲಾಗಿ ಓದುವುದೇ ಅಗ್ಗ. ನಡುವೆ "ಬಿಟ್‌ಮ್ಯಾಪ್ ಹೀಪ್ ಸ್ಕ್ಯಾನ್" ಎಂಬುದೂ ಕಾಣಿಸಬಹುದು, ಅದು ಏನೆಂದು ಆಗಲೇ ಹುಡುಕಿ ಓದಿ. ಊಹಿಸಿದ ಸಾಲುಗಳಿಗೂ ನಿಜವಾದವಕ್ಕೂ ಸಾವಿರಪಟ್ಟು ವ್ಯತ್ಯಾಸ ಕಂಡರೆ, ಟೇಬಲ್ಲಿನ ಅಂಕಿಅಂಶಗಳು ಹಳತಾಗಿವೆಯೇ ಎಂದು ಮೊದಲು ನೋಡಬೇಕು.

ಇದನ್ನು ಪ್ರಯೋಗಿಸಲು ಕಂಪನಿಯ ಡೇಟಾ ಬೇಕಿಲ್ಲ. "ಜನರೇಟ್ ಸೀರೀಸ್" ಎಂಬ ಫಂಕ್ಷನ್ನಿನಿಂದ ಹತ್ತು ಲಕ್ಷ ಸಾಲುಗಳ ಟೇಬಲ್ಲನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ತುಂಬಿಸಿಕೊಳ್ಳಬಹುದು. ಇಷ್ಟರಲ್ಲಿ ನಿಮಗೆ ಸಿಕ್ಕಿದ್ದು ಬಿ-ಟ್ರೀ (ಇಂಡೆಕ್ಸಿನ ಒಳರಚನೆ), ಪ್ಲಾನರಿನ ಲೆಕ್ಕಾಚಾರ, ಅಂಕಿಅಂಶದ ಪಾತ್ರ. ಮೈಎಸ್‌ಕ್ಯೂಎಲ್‌ಗೆ ಹೋದರೂ ಒರಾಕಲ್‌ಗೆ ಹೋದರೂ ಹೆಸರುಗಳು ಬದಲಾಗುತ್ತವೆ, ಯೋಚನೆ ಬದಲಾಗುವುದಿಲ್ಲ.

ಓದಿದ್ದು ತಲೆಯಲ್ಲಿ ನಿಲ್ಲಬೇಕೆಂದರೆ

ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹಾಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು, ಕಲಿತದ್ದು ಮೊದಲ ಗಂಟೆಗಳಲ್ಲಿ ಎಷ್ಟು ಬೇಗ ಜಾರಿಹೋಗುತ್ತದೆ ಎಂದು 1885ರಲ್ಲೇ ಬರೆದ. 2006ರಲ್ಲಿ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ವಿದ್ಯಾರ್ಥಿಗಳಿಗೆ ಸಣ್ಣ ಗದ್ಯಭಾಗಗಳನ್ನು ಓದಲು ಕೊಟ್ಟರು. ಒಂದು ಕ್ರಮದಲ್ಲಿ ಅದನ್ನೇ ಮತ್ತೆ ಓದುವುದು, ಇನ್ನೊಂದರಲ್ಲಿ ನೋಡದೆ ನೆನಪಿನಿಂದ ಬರೆಯುವುದು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರು ಮುಂದಿದ್ದರು. ಒಂದು ವಾರದ ನಂತರ ಲೆಕ್ಕ ತಿರುಗಿಬಿತ್ತು, ನೆನಪಿನಿಂದ ಬರೆದವರು ಸ್ಪಷ್ಟವಾಗಿ ಮುಂದೆ ಬಂದರು.

ವೀಡಿಯೊ ಕೋರ್ಸುಗಳು ಮೋಸ ಮಾಡುವುದು ಇಲ್ಲೇ. ನೋಡುವಾಗ ಎಲ್ಲ ಅರ್ಥವಾದಂತೆ ಇರುತ್ತದೆ, ಏಕೆಂದರೆ ಹೇಳುವವರಿಗೆ ಅರ್ಥವಾಗಿದೆ. ಹತ್ತು ನಿಮಿಷಕ್ಕೊಮ್ಮೆ ವೀಡಿಯೊ ನಿಲ್ಲಿಸಿ, ಪರದೆ ಮುಚ್ಚಿ, ಖಾಲಿ ಹಾಳೆಯಲ್ಲಿ ಬರೆಯಿರಿ. ಏನೂ ಬರಲಿಲ್ಲವೆಂದರೆ ನಿರಾಶರಾಗಬೇಡಿ. ಆ ಒದ್ದಾಟದಲ್ಲೇ ಕಲಿಕೆ ನಡೆಯುತ್ತಿರುತ್ತದೆ.

ನಾನು ಇಟ್ಟುಕೊಂಡಿರುವುದು ಪ್ರಶ್ನೆಗಳ ಪುಸ್ತಕ. ಎಡಪುಟದಲ್ಲಿ ಪ್ರಶ್ನೆ, ಬಲಪುಟದಲ್ಲಿ ಉತ್ತರ. "ಬಿ-ಟ್ರೀ ಎಂದರೇನು?" ಎಂಬಂಥ ಪ್ರಶ್ನೆ ಬರೆಯುವುದಿಲ್ಲ, ಅದಕ್ಕೆ ಬಾಯಿಪಾಠದ ಉತ್ತರ ಸಾಕಾಗುತ್ತದೆ. "ಇಂಡೆಕ್ಸ್ ಇದ್ದೂ ಪ್ಲಾನರ್ ಅದನ್ನು ಬಿಡುವುದು ಯಾವಾಗ?", "ಇಬ್ಬರು ಒಂದೇ ಸಾಲನ್ನು ಒಂದೇ ಹೊತ್ತಿಗೆ ಬದಲಿಸಿದರೆ ಎರಡನೆಯವರಿಗೆ ಏನು ಕಾಣುತ್ತದೆ?" ಇಂಥವು. ಮರುದಿನ, ಮುಂದಿನ ವಾರ, ಮುಂದಿನ ತಿಂಗಳು ಬಲಪುಟ ಮುಚ್ಚಿಕೊಂಡು ಉತ್ತರಿಸುವುದು. ಆಂಕಿಯಂಥ ತಂತ್ರಾಂಶ ಈ ಅಂತರದ ಲೆಕ್ಕವನ್ನು ತಾನೇ ನೋಡಿಕೊಳ್ಳುತ್ತದೆ. ನನಗೆ ಕಾಗದ ಹಿಡಿಸಿದೆ, ನಿಮಗೆ ಯಾವುದು ದಿನಾ ಕೈಗೆ ಸಿಗುತ್ತದೋ ಅದೇ ಒಳ್ಳೆಯದು. ಕೋಡ್ ಉದಾಹರಣೆಗಳನ್ನು ನಕಲಿಸಿ ಅಂಟಿಸದೆ ಕೈಯಾರೆ ಟೈಪ್ ಮಾಡಿ, ಆಮೇಲೆ ಬೇಕೆಂದೇ ಒಂದು ಸಾಲು ಕೆಡಿಸಿ ಯಾವ ದೋಷಸಂದೇಶ ಬರುತ್ತದೆ ನೋಡಿ. ಮುಂದೆ ಅದೇ ಸಂದೇಶ ನಡುರಾತ್ರಿ ಎದುರಾದಾಗ ಪರಿಚಿತ ಮುಖದಂತೆ ಕಾಣುತ್ತದೆ.

ಸಮಯ ಎಲ್ಲಿಂದ

ಕಲಿಕೆಯ ಸಮಯವೆಲ್ಲ ನಿದ್ದೆಯಿಂದ, ಮನೆಯವರಿಂದ ಕಿತ್ತು ತರಬೇಕೆಂಬ ಸಲಹೆ ನನಗೆ ಒಪ್ಪಿಗೆಯಿಲ್ಲ. ಮಕ್ಕಳನ್ನೋ ವಯಸ್ಸಾದವರನ್ನೋ ನೋಡಿಕೊಳ್ಳುವವರಿಗೆ ಅದು ಆಗುವ ಮಾತೂ ಅಲ್ಲ. ಒಂದು ಪಾಲು ಕೆಲಸದ ಗಂಟೆಗಳಿಂದಲೇ ಬರಬೇಕು, ಅದರಿಂದ ಕಂಪನಿಗೂ ಲಾಭವಿದೆ.

ಕೇಳುವ ರೀತಿ ಮುಖ್ಯ. "ನನಗೆ ಕಲಿಯಲು ಸಮಯ ಬೇಕು" ಎಂದರೆ "ಖಂಡಿತ, ಬಿಡುವಾದಾಗ ಮಾಡಿ" ಎಂಬ ಉತ್ತರ ಬರುತ್ತದೆ, ಬಿಡುವು ಎಂದೂ ಬರುವುದಿಲ್ಲ. "ತಿಂಗಳ ಕೊನೆಯ ವರದಿ ನಿಧಾನವಾಗಿದೆ. ಕಾರಣ ಹುಡುಕಿ ತಂಡಕ್ಕೆ ಒಂದು ಪುಟ ಬರೆದು ಕೊಡುತ್ತೇನೆ, ಮುಂದಿನ ಎರಡು ಶುಕ್ರವಾರದ ಮಧ್ಯಾಹ್ನ ಬೇಕು" ಎಂದರೆ ಹೆಚ್ಚಿನ ಕಡೆ ಸಿಗುತ್ತದೆ. ಉಳಿದಂತೆ, ಚಾಟ್ ತೆರೆಯುವ ಮೊದಲಿನ ಅರ್ಧ ಗಂಟೆಯನ್ನು ಕ್ಯಾಲೆಂಡರಿನಲ್ಲಿ ಕಟ್ಟಿಹಾಕಿ. ತಂಡದಲ್ಲಿ ಏನಾದರೂ ಬಿದ್ದುಹೋದ ಮೇಲೆ ಬರೆಯುವ ಘಟನಾ ವರದಿಗಳನ್ನು, ನಿಮ್ಮ ತಂಡದ್ದಲ್ಲದಿದ್ದರೂ, ತಪ್ಪದೆ ಓದಿ. ಅದಕ್ಕಿಂತ ಒಳ್ಳೆಯ ಪಠ್ಯ ಯಾವ ಕೋರ್ಸಿನಲ್ಲೂ ಇಲ್ಲ.

ಮೂರು ತಿಂಗಳಿಗೆ ಒಂದೇ ವಿಷಯ. ಮೂರು ನಾಲ್ಕು ವಾರ ಕಳೆದರೂ ಅದು ಕೆಲಸದಲ್ಲಾಗಲೀ ನಿಮ್ಮ ಸ್ವಂತ ಪ್ರಯೋಗದಲ್ಲಾಗಲೀ ಒಮ್ಮೆಯೂ ಬಳಕೆಯಾಗಲಿಲ್ಲವೆಂದರೆ ಬಿಟ್ಟುಬಿಡಿ, ಬೇರೆಯದನ್ನು ಹಿಡಿಯಿರಿ.

ಹಣ ಎಲ್ಲಿ ಹಾಕಬೇಕು

ಈ ಕ್ಷೇತ್ರದ ಮೂಲಗ್ರಂಥಗಳು ಹೆಚ್ಚಾಗಿ ಉಚಿತ. ಆರ್‌ಎಫ್‌ಸಿಗಳು 1969ರಿಂದ ಬರುತ್ತಿವೆ, ಎಲ್ಲವನ್ನೂ ಯಾರು ಬೇಕಾದರೂ ಓದಬಹುದು. ಪೋಸ್ಟ್‌ಗ್ರೆಸ್‌ನ ಕೈಪಿಡಿ ನಾನು ಓದಿದ ಅತ್ಯುತ್ತಮ ತಾಂತ್ರಿಕ ಬರವಣಿಗೆಗಳಲ್ಲಿ ಒಂದು. ಎಮ್‌ಐಟಿ ತನ್ನ ಪಾಠಗಳನ್ನು ಓಪನ್‌ಕೋರ್ಸ್‌ವೇರ್ ಹೆಸರಿನಲ್ಲಿ ಎಲ್ಲರಿಗೂ ತೆರೆದಿಡುವುದಾಗಿ 2001ರಲ್ಲೇ ಘೋಷಿಸಿ, ಹಾಗೆಯೇ ನಡೆದುಕೊಂಡಿದೆ. ಹಾಗಾಗಿ ಮಾಹಿತಿಗಾಗಿ ಹಣ ಕೊಡಬೇಕಾದ ಸಂದರ್ಭ ಕಡಿಮೆ. ಉಚಿತವಾಗಿ ಸಿಗದಿರುವುದಕ್ಕೆ ಕೊಡಿ: ಪ್ರಯೋಗ ನಡೆಸಲು ಸಾಕಷ್ಟು ಮೆಮೊರಿಯಿರುವ ಯಂತ್ರ, ಅಂಚಿನಲ್ಲಿ ಬರೆದುಕೊಂಡು ಎರಡು ಮೂರು ಸಲ ಓದುವ ಪುಸ್ತಕ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ, ನಿಮ್ಮ ಕೆಲಸವನ್ನು ಓದಿ ನೇರವಾಗಿ ತಪ್ಪು ತೋರಿಸುವ ಒಬ್ಬ ಅನುಭವಿಯ ಸಮಯ. ಅದಕ್ಕೂ ಮೊದಲು ನಿಮ್ಮ ಕಂಪನಿಯಲ್ಲಿ ಕಲಿಕೆಗೆಂದು ಹಣ ಎತ್ತಿಟ್ಟಿದೆಯೇ ಎಂದು ಮಾನವ ಸಂಪನ್ಮೂಲ ವಿಭಾಗವನ್ನು ಕೇಳಿ. ಇದ್ದರೂ ಬಾಯಿಬಿಟ್ಟು ಕೇಳದವರಿಗೆ ಅದು ಸಿಗುವುದಿಲ್ಲ.

ಪ್ರಮಾಣಪತ್ರಗಳ ಬಗ್ಗೆ ಜಗಳವಾಡುವವರು ಎರಡೂ ಕಡೆ ಇದ್ದಾರೆ. ಕ್ಷೇತ್ರ ಬದಲಿಸುವವರಿಗೆ, ಗ್ರಾಹಕರ ಮುಂದೆ ಅರ್ಹತೆ ತೋರಿಸಬೇಕಾದ ಸಲಹಾ ಸಂಸ್ಥೆಗಳಲ್ಲಿರುವವರಿಗೆ ಅವು ಉಪಯುಕ್ತ. ಉಳಿದವರು ಎರಡು ವಿಷಯ ನೋಡಿಕೊಳ್ಳಬೇಕು. ಒಂದು, ಆಯುಸ್ಸು. ಅಮೆಜಾನ್‌ನ ಕ್ಲೌಡ್ ಸೇವೆಯಾದ ಎಡಬ್ಲ್ಯೂಎಸ್ ಪ್ರಮಾಣಪತ್ರಕ್ಕೆ 3 ವರ್ಷ, ಆಮೇಲೆ ನವೀಕರಿಸಬೇಕು. ಅಂದರೆ ಅದು ಒಂದು ಸಲದ ಖರ್ಚಲ್ಲ. ಇನ್ನೊಂದು, ಪರೀಕ್ಷೆಯ ರೀತಿ. ಕುಬರ್ನೆಟೀಸ್ ಆಡಳಿತದ ಸಿಕೆಎ ಪರೀಕ್ಷೆಯಲ್ಲಿ ಎರಡು ಗಂಟೆ ಟರ್ಮಿನಲ್ ಮುಂದೆ ಕೂತು ನಿಜವಾದ ಕ್ಲಸ್ಟರ್‌ಗಳ ಮೇಲೆ ಕೆಲಸ ಮಾಡಿ ತೋರಿಸಬೇಕು. ಅಂಥದಕ್ಕೆ ತಯಾರಾಗುವುದೇ ಒಳ್ಳೆಯ ಅಭ್ಯಾಸ. ನಾಲ್ಕರಲ್ಲಿ ಒಂದು ಆರಿಸುವ ಪರೀಕ್ಷೆಯನ್ನು ಪ್ರಶ್ನೆಗಳನ್ನು ಬಾಯಿಪಾಠ ಮಾಡಿ ದಾಟಬಹುದು, ಹಾಗೆ ದಾಟಿದವರು ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಗೊತ್ತಾಗಿಬಿಡುತ್ತಾರೆ.

ಕೆಲಸ ಕೊಡಿಸುತ್ತೇವೆಂದು ಹೇಳುವ ದುಬಾರಿ ತರಬೇತಿಗೆ ಸಾಲ ಮಾಡಿ ಸೇರಬೇಡಿ. ಸೇರಲೇಬೇಕೆಂದರೆ, ಕಳೆದ ತಂಡದಲ್ಲಿ ಎಷ್ಟು ಜನರಿಗೆ, ಯಾವ ಹುದ್ದೆ, ಎಷ್ಟು ಸಮಯದಲ್ಲಿ ಸಿಕ್ಕಿತು ಎಂದು ಲಿಖಿತವಾಗಿ ಕೇಳಿ. ಅವರು ತೋರಿಸುವ ವಿದ್ಯಾರ್ಥಿಗಳ ಜೊತೆಗೆ ನೀವೇ ಹುಡುಕಿಕೊಂಡ ಒಬ್ಬರ ಹತ್ತಿರವೂ ಮಾತನಾಡಿ. ಕ್ಲೌಡ್‌ನಲ್ಲಿ ಅಭ್ಯಾಸ ಮಾಡುವವರು ಮೊದಲ ದಿನವೇ ಬಜೆಟ್ ಎಚ್ಚರಿಕೆ ಹಾಕಿಕೊಳ್ಳಿ. ಎಚ್ಚರಿಕೆ ಎಂದರೆ ಬರೀ ಸಂದೇಶ, ಅದು ಖರ್ಚನ್ನು ತಾನಾಗಿ ನಿಲ್ಲಿಸುವುದಿಲ್ಲ. ಯಂತ್ರ ಅಳಿಸಿದ ಮೇಲೂ ಲೋಡ್ ಬ್ಯಾಲೆನ್ಸರ್, ನ್ಯಾಟ್ ಗೇಟ್‌ವೇ, ಬಿಡಿಯಾಗಿ ಉಳಿದ ಡಿಸ್ಕ್‌ಗಳು ಬಿಲ್ ಏರಿಸುತ್ತಲೇ ಇರುತ್ತವೆ.

ಎಐ ಪಕ್ಕದಲ್ಲಿರುವಾಗ

ಚಾಟ್‌ಜಿಪಿಟಿ 2022ರ ನವೆಂಬರ್ 30ರಂದು ಹೊರಬಂದ ಮೇಲೆ, "ಇನ್ನು ಕಲಿತು ಏನು ಪ್ರಯೋಜನ?" ಎಂದು ಕಿರಿಯರು ನನ್ನನ್ನು ಕೇಳುವುದು ಹೆಚ್ಚಾಗಿದೆ. ಅವರ ಆತಂಕದಲ್ಲಿ ನಿಜವಿದೆ. ನಾವೆಲ್ಲ ಕಲಿತದ್ದು ಸಣ್ಣಪುಟ್ಟ ಕೆಲಸಗಳನ್ನು ಮಾಡುತ್ತಾ, ಈಗ ಆ ಸಣ್ಣ ಕೆಲಸಗಳೇ ಮೊದಲು ಯಂತ್ರಕ್ಕೆ ಹೋಗುತ್ತಿವೆ. ಅದಕ್ಕೇ ಕೆಲವನ್ನು ಬೇಕೆಂದೇ ಕೈಯಲ್ಲಿ ಮಾಡಿ ಎನ್ನುತ್ತೇನೆ. ಸಮಸ್ಯೆ ಎದುರಾದಾಗ ಮೊದಲ ಇಪ್ಪತ್ತು ನಿಮಿಷ ನೀವೇ ಯೋಚಿಸಿ, ನಿಮ್ಮ ಊಹೆಯನ್ನು ಒಂದು ಸಾಲಿನಲ್ಲಿ ಬರೆದಿಡಿ, ಆಮೇಲೆ ಕೇಳಿ. ಉತ್ತರ ಬಂದಾಗ ನಿಮ್ಮ ಊಹೆ ಎಲ್ಲಿ ಬೇರೆಯಾಯಿತು ಎಂದು ಹೋಲಿಸಿ ನೋಡಿ. ಆ ಒಂದು ಸಾಲು ಇಲ್ಲದಿದ್ದರೆ ಯಾವ ಉತ್ತರವೂ "ನನಗೂ ಇದೇ ಅನ್ನಿಸಿತ್ತು" ಎನ್ನುವಂತೆ ಕಾಣುತ್ತದೆ.

ಕೋಡ್ ಬರೆಯುವುದು ಅಗ್ಗವಾದಷ್ಟೂ ಕೋಡನ್ನು ತೂಗಿ ನೋಡುವವರ ಬೆಲೆ ಏರುತ್ತದೆ, ತೂಗಲು ಬೇಕಾದದ್ದೂ ಆ ಕೆಳಗಿನ ಮೆಟ್ಟಿಲೇ. ಇದಕ್ಕೊಂದು ಅಭ್ಯಾಸವಿದೆ. ಯಂತ್ರ ಬರೆದುಕೊಟ್ಟ ಕೋಡ್ ತೆಗೆದುಕೊಂಡು, ಓಡಿಸುವ ಮೊದಲು ಅದು ಮುರಿಯಬಹುದಾದ ಮೂರು ದಾರಿ ಬರೆಯಿರಿ. ಇನ್‌ಪುಟ್ ಖಾಲಿ ಬಂದರೆ? ಇಬ್ಬರು ಒಟ್ಟಿಗೆ ಒತ್ತಿದರೆ? ಹಣ ಕಡಿತವಾಗಿ, ಉತ್ತರ ಬರುವ ಮೊದಲು ನೆಟ್‌ವರ್ಕ್ ಕಡಿದು, ಪ್ರೋಗ್ರಾಮ್ ಮತ್ತೆ ಪ್ರಯತ್ನಿಸಿದರೆ ಎರಡು ಸಲ ಕಡಿತವಾಗುತ್ತದೆಯೇ? ನಂತರ ಓಡಿಸಿ ಪರೀಕ್ಷಿಸಿ. ಉಪಕರಣದ ಬಗ್ಗೆ ಅದು ಹೇಳಿದ ಮಾತನ್ನು ಅಧಿಕೃತ ಕೈಪಿಡಿಯ ಜೊತೆ ತಾಳೆ ನೋಡಿ. ಕಂಪನಿಯ ಕೋಡನ್ನು ಅನುಮತಿಯಿಲ್ಲದೆ ಹೊರಗಿನ ಸೇವೆಗಳಿಗೆ ಹಾಕಬೇಡಿ.

ಕಲಿತದ್ದು ಕಾಣುವಂತಿರಲಿ

ಪ್ರತಿ ಮೂರು ತಿಂಗಳ ಕೊನೆಗೆ ಒಂದು ಪುಟ ಬರೆಯಿರಿ. ಸಮಸ್ಯೆ ಏನಿತ್ತು, ಮೊದಲು ಯಾವುದರ ಮೇಲೆ ಅನುಮಾನಪಟ್ಟೆ, ನಿಜವಾದ ಕಾರಣ ಏನು, ಬದಲಾವಣೆಯ ಮೊದಲು ಮತ್ತು ನಂತರದ ಅಳತೆ ಎಷ್ಟು, ಇನ್ನೂ ಅರ್ಥವಾಗದಿರುವುದು ಯಾವುದು. ಒಂದು ಪ್ರತಿ ತಂಡದ ವಿಕಿಗೆ, ಗುಟ್ಟಿನ ವಿವರಗಳನ್ನು ತೆಗೆದ ಇನ್ನೊಂದು ನಿಮ್ಮ ಬಳಿ. ಸಂದರ್ಶನದ ಹಿಂದಿನ ರಾತ್ರಿ ಓದಿಕೊಳ್ಳಲು ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಓಪನ್ ಸೋರ್ಸ್‌ಗೆ ಕೈಹಾಕಲು ದೊಡ್ಡ ಫೀಚರ್ ಬರೆಯಬೇಕೆಂದೇನೂ ಇಲ್ಲ. ಯಾರೋ ವರದಿ ಮಾಡಿದ ದೋಷವನ್ನು ಅತಿ ಚಿಕ್ಕ ಉದಾಹರಣೆಯಲ್ಲಿ ಮರುಸೃಷ್ಟಿಸಿ ತೋರಿಸಿದರೆ ಆ ಯೋಜನೆಯವರು ನಿಜಕ್ಕೂ ಸಂತೋಷಪಡುತ್ತಾರೆ, ಅದನ್ನು ಮಾಡುವಾಗ ನೀವು ಕಲಿಯುವುದೂ ಬಹಳ.

ವರ್ಷಕ್ಕೊಮ್ಮೆ, ಬೇರೆ ಕೆಲಸ ಬೇಡದಿದ್ದರೂ, ನಿಮಗೆ ಇಷ್ಟವಾಗುವ ಹುದ್ದೆಯ ಹತ್ತು ಜಾಹೀರಾತು ಒಟ್ಟುಮಾಡಿ ಓದಿ. ಉಪಕರಣಗಳ ಹೆಸರು ಬಿಟ್ಟು, ಆ ಮನುಷ್ಯ ಅಲ್ಲಿ ಏನು ಮಾಡಬೇಕೆಂದು ಬರೆದಿದ್ದಾರೆ ಎನ್ನುವುದಕ್ಕೆ ಗೆರೆ ಎಳೆಯಿರಿ. ಹತ್ತರಲ್ಲಿ ಆರೇಳು ಕಡೆ ಬಂದು, ನಿಮ್ಮ ಹಾಳೆಯಲ್ಲಿ ಇಲ್ಲದಿರುವುದೇ ಮುಂದಿನ ಮೂರು ತಿಂಗಳ ವಿಷಯ. ಕೆಲಸ ಬೇಡದಿದ್ದರೂ ಅಭ್ಯಾಸಕ್ಕೆಂದು ಸಂದರ್ಶನಗಳಿಗೆ ಹೋಗಿ ಎನ್ನುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ, ಎದುರು ಕೂತವರೂ ತಮ್ಮ ಗಂಟೆಗಳನ್ನು ಕೊಟ್ಟಿರುತ್ತಾರೆ. ಸ್ನೇಹಿತರೊಬ್ಬರನ್ನು ಕೂರಿಸಿಕೊಂಡು ಒಬ್ಬರನ್ನೊಬ್ಬರು ಪ್ರಶ್ನಿಸಿ.

ಕೆಲಸ ಈಗಾಗಲೇ ಹೋಗಿದ್ದರೆ ಇದೇ ದಾರಿಯನ್ನು ಚಿಕ್ಕದಾಗಿ ನಡೆಯಬೇಕು. ಹೊತ್ತನ್ನು ಎರಡು ಭಾಗ ಮಾಡಿ. ಬೆಳಿಗ್ಗೆ ಅರ್ಜಿ, ಪರಿಚಿತರಿಗೆ ಪತ್ರ. ಮಧ್ಯಾಹ್ನ ಒಂದೇ ಒಂದು ವಿಷಯದ ಕೆಲಸ. ಪೂರ್ತಿ ಹೊಸ ಭಾಷೆ, ಪೂರ್ತಿ ಹೊಸ ಕ್ಷೇತ್ರ ಎರಡನ್ನೂ ಒಟ್ಟಿಗೆ ಶುರುಮಾಡಬೇಡಿ, ಒಂದು ಕಾಲು ಗಟ್ಟಿ ನೆಲದ ಮೇಲಿರಲಿ. ವರ್ಷಗಟ್ಟಲೆ ಬಿಲ್ಲಿಂಗ್ ವ್ಯವಸ್ಥೆಯಲ್ಲಿ ದುಡಿದವರಿಗೆ ಪೈಸೆಗಳ ರೌಂಡಿಂಗ್ ಎಲ್ಲಿ ತಪ್ಪುತ್ತದೆ, ಅರ್ಧ ಹಣ ಮರಳಿಸಿದರೆ ತೆರಿಗೆಯ ಲೆಕ್ಕ ಏನಾಗುತ್ತದೆ, ಎರಡು ಲೆಡ್ಜರ್‌ಗಳು ಯಾಕೆ ತಾಳೆಯಾಗುವುದಿಲ್ಲ ಎಂದು ಗೊತ್ತಿರುತ್ತದೆ. ಅದನ್ನೇ ತೋರಿಸುವ ಸಣ್ಣ ಪ್ರೋಗ್ರಾಮ್ ಒಂದನ್ನು ಹೊಸ ಉಪಕರಣದಲ್ಲಿ ಬರೆಯಿರಿ, ಪರೀಕ್ಷೆಗಳ ಸಮೇತ. ಜೊತೆಗೆ ಒಂದು ಪುಟದ ವಿವರಣೆ ಇಟ್ಟು, ಅರ್ಜಿಯ ಮೊದಲ ಸಾಲಿನಲ್ಲೇ ಅದರ ಕೊಂಡಿ ಕೊಡಿ.